ಟಾಂಜಾನಿಯಾದ ಸಭೆಯಲ್ಲಿ ಜಯಮ್ಮತ್ತೆಯ ದನಿ

ಸತ್ತವರ ದನಿ ಕೇಳಿಸಿತು ಎನ್ನುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಈಗ ನಗುವುದಿಲ್ಲ. ಹಾಗೆಂದು ನಂಬುತ್ತೇನೆ ಎಂದೂ ಹೇಳಲಾರೆ.

ಏಳೆಂಟು ವರ್ಷಗಳ ಹಿಂದೆ ನಾನು ಚೆನ್ನೈನ ಕೀಲ್ಪಾಕ್‌ನಲ್ಲಿ ಒಂದು ಅಂತರರಾಷ್ಟ್ರೀಯ ಅಭಿವೃದ್ಧಿ ಸಂಸ್ಥೆಯ ಕಚೇರಿಯಲ್ಲಿದ್ದೆ. ಆಫ್ರಿಕಾದ ಹಳ್ಳಿಗಳಲ್ಲಿ ಜಮೀನಿನ ಪತ್ರಕ್ಕೆ ಗಂಡನ ಹೆಸರಿನ ಜೊತೆ ಹೆಂಡತಿಯ ಹೆಸರನ್ನೂ ಸೇರಿಸಬೇಕು ಎನ್ನುವುದು ಸಂಸ್ಥೆಯ ಒಂದು ಯೋಜನೆ. ಅಲ್ಲಿನ ಸಭೆಗಳ ರೆಕಾರ್ಡಿಂಗ್ ಮತ್ತು ಇಂಗ್ಲಿಷ್ ಅನುವಾದ ನಮಗೆ ಬರುತ್ತಿತ್ತು. ಅದರ ಮೇಲೆ ವರದಿ ಬರೆಯುವುದು ನನ್ನ ಕೆಲಸ. ಸ್ವಾಹಿಲಿ ನನಗೆ ಬಾರದು. ಆದರೂ ಯಾರು ಹೆಚ್ಚು ಹೊತ್ತು ಮಾತಾಡಿದರು, ಯಾರ ಮಾತನ್ನು ತಡೆದರು ಎನ್ನುವುದು ಕಿವಿಗೆ ತಿಳಿದೇ ತಿಳಿಯುತ್ತದೆ.

ಒಂದು ಮಧ್ಯಾಹ್ನ ಟಾಂಜಾನಿಯಾದ ಒಂದು ಹಳ್ಳಿಯ ಸಭೆ ಕೇಳುತ್ತಿದ್ದೆ. ಗಂಡಸರು ಮಾತಾಡಿ ಮುಗಿಸಿದರು. ಪತ್ರದಲ್ಲಿ ಗಂಡಸರ ಹೆಸರಷ್ಟೇ ಸಾಕು ಎಂದು ತೀರ್ಮಾನವಾಯಿತು. ‘ಹೆಂಗಸರಿಗೂ ಒಪ್ಪಿಗೆ ತಾನೆ?’ ಎಂದು ಹಳ್ಳಿಯ ಮುಖ್ಯಸ್ಥ ಕೇಳಿದ್ದು ಅನುವಾದದಲ್ಲಿತ್ತು. ಆಮೇಲೆ ಒಂದಿಷ್ಟು ಹೊತ್ತು ಮೌನ. ಆ ಮೌನದಲ್ಲಿ ಒಬ್ಬ ಹೆಂಗಸು ಸ್ಪಷ್ಟವಾಗಿ, ಮಂಡ್ಯದ ಕಡೆಯ ಕನ್ನಡದಲ್ಲಿ ಕೇಳಿದಳು: “ನನ್ನೊಂದ್ ಮಾತು ಕೇಳುದ್ರಾ?”

ಅದು ಜಯಮ್ಮತ್ತೆಯ ದನಿ.

ಜಯಮ್ಮತ್ತೆ ಅಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ರೈಲ್ವೆಯಲ್ಲಿದ್ದ ಅಪ್ಪನ ಜೊತೆ ಊರು ಬಿಟ್ಟು ಇದೇ ನಗರದ ಕೋಡಂಬಾಕ್ಕಂಗೆ ಬಂದವರು. ಸಂಜೆ ಶಾಲೆಯಿಂದ ಬಂದರೆ “ಉಂಡ್ಯಾ ಮಗಾ?” ಎನ್ನುತ್ತಿದ್ದರು, ನಾನು “ಸಾಪ್ಟೇನ್ ಅತ್ತೆ” ಎಂದು ತಮಿಳಿನಲ್ಲಿ ಉತ್ತರಿಸುತ್ತಿದ್ದೆ. ಕನ್ನಡದಲ್ಲೇ ಹೇಳು ಎಂದು ಒಂದು ದಿನವೂ ಗದರಲಿಲ್ಲ. ನನ್ನ ಜಡೆ ಹೆಣೆದು ಕನಕಾಂಬರ ಮುಡಿಸುತ್ತಾ ಊರಿನ ಕಬ್ಬಿನ ಗದ್ದೆ, ಆಲೆಮನೆಯ ಬಿಸಿ ಬೆಲ್ಲ, ನಾಲೆಯಲ್ಲಿ ಈಜು ಕಲಿತದ್ದು, ಎಲ್ಲವನ್ನೂ ಹೇಳುತ್ತಿದ್ದರು. ಈಗಲೂ ಹೂವಿನವಳ ಬುಟ್ಟಿಯಲ್ಲಿ ಕನಕಾಂಬರ ಕಂಡರೆ ಅವರ ಬೆರಳು ನನ್ನ ತಲೆಗೂದಲಲ್ಲಿ ಆಡಿದಂತಾಗುತ್ತದೆ.

ನನಗೆ ಹತ್ತು ವರ್ಷವಿದ್ದಾಗ ದೊಡ್ಡಪ್ಪ, ಚಿಕ್ಕಪ್ಪ ನಮ್ಮ ಮನೆಗೆ ಬಂದು, ಅಪ್ಪನೂ ಸೇರಿ ಮೂವರೇ ಊರಿನ ಜಮೀನು ಭಾಗ ಮಾಡಿಕೊಂಡರು. “ಜಯಮ್ಮುಂಗೆ ಒಪ್ಗೆಯಾ?” ಎಂದು ದೊಡ್ಡಪ್ಪ ಕೇಳಿದ್ದಕ್ಕೆ ಅಪ್ಪ, “ಅವ್ಳೇನಂದಾಳು, ಒಪ್ದಂಗೇಯ” ಎಂದರು. ಅತ್ತೆ ಅಡುಗೆಮನೆಯಲ್ಲಿ ಎಲ್ಲರಿಗೂ ಮುದ್ದೆ ತೊಳಸುತ್ತಿದ್ದರು. ಏನೂ ಹೇಳಲಿಲ್ಲ. ನಾನು ಕಾಲೇಜು ಸೇರಿದ ವರ್ಷ ತೀರಿಕೊಂಡರು.

ಅಂದು ಕಚೇರಿಯಲ್ಲಿ ರೆಕಾರ್ಡಿಂಗ್ ನಿಲ್ಲಿಸಿದೆ. ಹಿಂದಕ್ಕೆ ಸರಿಸಿ ಕೇಳಿದೆ. ಮತ್ತೆ ಅದೇ ಮಾತು. ಪಕ್ಕದ ಮೇಜಿನ ಕಲೈವಾಣಿಗೆ ಹೆಡ್‌ಫೋನ್ ಕೊಟ್ಟೆ. ಅವಳು ಕಣ್ಣು ಮುಚ್ಚಿ ಆಲಿಸಿ, “ಒಣ್ಣುಮೇ ಕೇಕ್ಕಲಿಯೇ” ಎಂದಳು, ಏನೂ ಕೇಳಿಸುತ್ತಿಲ್ಲ, ಗಾಳಿ ಮಾತ್ರ ಎಂದು. ಆಮೇಲೆ ನಾನು ಎಷ್ಟು ಸಲ ಹಾಕಿದರೂ ಬರೀ ಗಾಳಿಯ ಸದ್ದು, ದೂರದಲ್ಲೊಂದು ಕೋಳಿಯ ಕೂಗು.

‘ಹೆಂಗಸರೂ ಒಪ್ಪಿದರು’ ಎಂದು ಬರೆದು ವರದಿ ಮುಗಿಸಬೇಕಿತ್ತು. ಬೆರಳು ಏಳಲಿಲ್ಲ. ಅಲ್ಲಿ ನಮ್ಮ ಸಂಸ್ಥೆಯ ಪರವಾಗಿ ಆ ಸಭೆ ಏರ್ಪಡಿಸಿದ್ದ ನೀಮಾಗೆ ಫೋನ್ ಮಾಡಿ, ಆ ಮೌನದಲ್ಲಿ ಏನಾಯಿತು ಎಂದು ಕೇಳಿದೆ.

“ಯಾರೂ ಮಾತಾಡಲಿಲ್ಲ” ಎಂದಳು ನೀಮಾ ಇಂಗ್ಲಿಷಿನಲ್ಲಿ. ಸ್ವಲ್ಪ ತಡೆದು, “ಹಿಂದೆ ಕೂತಿದ್ದ ಒಬ್ಬ ಮುದುಕಿ ಎದ್ದು ನಿಂತಳು. ಎಲ್ಲರೂ ತಿರುಗಿ ನೋಡಿದ ಮೇಲೆ ಕೂತುಬಿಟ್ಟಳು. ಏನೋ ಆಯಿತೆಂದು ನಿನಗೆ ಹೇಗೆ ಗೊತ್ತಾಯಿತು?”

ನನಗೆ ಕೇಳಿಸಿದ್ದನ್ನು ಹೇಳಲಿಲ್ಲ. ಹೆಂಗಸರನ್ನು ಬೇರೆಯಾಗಿ ಕೂರಿಸಿ ಇನ್ನೊಮ್ಮೆ ಕೇಳಲು ಸಾಧ್ಯವೇ ಎಂದಷ್ಟೇ ಕೇಳಿದೆ. ಮುಂದಿನ ವಾರ ನೀಮಾ ಹೋದಳು. ಗಂಡಸರಿಲ್ಲದ ಕಡೆ ಅವರು ಮಧ್ಯಾಹ್ನವಿಡೀ ಮಾತಾಡಿದರಂತೆ. ಕೊನೆಗೆ ಕೆಲವು ಪತ್ರಗಳಲ್ಲಿ ಹೆಂಡತಿಯರ ಹೆಸರು ಸೇರಿತು, ಎಲ್ಲದರಲ್ಲೂ ಅಲ್ಲ. ಆ ಮುದುಕಿಯ ಹೆಸರು ಸೇರಿತೋ ಇಲ್ಲವೋ, ತಿಳಿಯಲಿಲ್ಲ.

ಆ ಭಾನುವಾರ ಅಪ್ಪನಿಗೆ ಎಲ್ಲ ಹೇಳಿದೆ. ಪೇಪರ್ ಮಡಿಸಿಟ್ಟರು.

“ಅವ್ಳು ಯಾವತ್ತೂ ಹಂಗ್ ಕೇಳ್ನಿಲ್ಲ ಕಣವ್ವ” ಎಂದರು. “ಕೇಳಿದ್ರೆ ನಾನು ಇಲ್ಲ ಅಂತಿರ್ನಿಲ್ಲ.”

ಅವರು ಅಂದದ್ದು ನಿಜವಿರಬಹುದು. ಆ ಎಲ್ಲ ವರ್ಷಗಳಲ್ಲಿ ನಾನೂ ಅತ್ತೆಯನ್ನು ಒಂದು ಮಾತು ಕೇಳಿರಲಿಲ್ಲ. ಬದುಕಿದ್ದಾಗ ಅವರು ಒಮ್ಮೆಯೂ ಆಡದ ಮಾತು, ಅವರದೇ ದನಿಯಲ್ಲಿ, ಅವರು ಕಾಣದ ದೇಶದಿಂದ ನನ್ನ ಕಿವಿಗೆ ಹೇಗೆ ಬಂತು ಎನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ.