ಸಣ್ಣ ತೂತಿನ ಜೋರು ಸದ್ದು

ತಂಗಿ ಬಾಣಂತನಕ್ಕೆ ಬೀಜಾಡಿಯ ನಮ್ಮ ಮನೆಯಲ್ಲಿದ್ದದ್ದು ಎರಡು ಸಾವಿರದ ಆಚೀಚೆಯ ಒಂದು ಬೇಸಗೆಯಲ್ಲಿ. ಇಸವಿ ಖಚಿತವಾಗಿ ಹೇಳಲಾರೆ. ಮಗು ಮೊಲೆ ಕುಡಿಯುವಾಗ ಬೆವರುತ್ತಿತ್ತು. ನಾಲ್ಕು ಗುಟುಕಿಗೇ ದಣಿದು ಬಾಯಿ ಬಿಡುತ್ತಿತ್ತು. ನಮ್ಮೂರ ಸೆಕೆಯಲ್ಲಿ ಬೆವರನ್ನು ಯಾರು ಗಮನಿಸುತ್ತಾರೆ? ಮೀನು ಮಾರಿ ಬಂದ ಅಮ್ಮ ಕತ್ತು ಒರೆಸಿಕೊಳ್ಳುತ್ತ, "ಈ ಸೆಕೆಗೆ ಬುಟ್ಟಿಯೊಳಗಿನ್ ಬಂಗ್ಡೆಯೂ ಬೆವ್ರತ್ತ್, ಇವ ಬೆವ್ರದೇ ಇಪ್ದಾ?" ಎಂದು ನಗಿಸಿದಳು.

ತಂಗಿ ನಗಲಿಲ್ಲ. "ಅಣ್ಣ, ಹಣೆ ಮುಟ್ಟಿ ಕಾಣ್. ತಣ್ಣಗಿತ್ತ್," ಎಂದಳು.

ಮರುದಿನ ಕುಂದಾಪುರದ ಮಕ್ಕಳ ಡಾಕ್ಟರ ಬಳಿ ಹೋದೆವು. ಅವರು ಸ್ಕ್ಯಾನ್ ಮಾಡಿಸಿ ವಿವರಿಸಿದರು. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆ ಪೂರ್ತಿ ಬೆಳೆದಿಲ್ಲ, ತೂತು ಉಳಿದಿದೆ. ಮೈಗೆ ಹೋಗಬೇಕಾದ ರಕ್ತದ ಒಂದು ಪಾಲು ಅಲ್ಲಿಂದ ನುಗ್ಗಿ ಮತ್ತೆ ಶ್ವಾಸಕೋಶಕ್ಕೇ ಹೋಗುತ್ತದೆ. ಹಾಲು ಕುಡಿಯುವುದೇ ಇವನಿಗೆ ಓಡಿದಷ್ಟು ಆಯಾಸ. ತುಂಬು ಬಸುರಿಯಾಗಿದ್ದಾಗ ಗ್ರಹಣದ ದಿನ ಅಂಗಳಕ್ಕಿಳಿದದ್ದಕ್ಕೆ ಹೀಗಾಯಿತೇ ಎಂದು ತಂಗಿ ಕೇಳಿದಳು. ಆ ಗೋಡೆ ರೂಪುಗೊಳ್ಳುವುದು ಮೊದಲ ಎರಡು ತಿಂಗಳಲ್ಲೇ, ನಿಮ್ಮ ತಪ್ಪೇನಿಲ್ಲ ಎಂದರು ಡಾಕ್ಟರು. ಕೆಲವು ತೂತುಗಳು ತಾವಾಗಿ ಕಿರಿದಾಗುತ್ತವೆ. ಔಷಧಿ ಕೊಟ್ಟು ಕಾಯೋಣ, ಆಗದಿದ್ದರೆ ಆಪರೇಷನ್.

ಕೆಲವು ತಿಂಗಳ ಮೇಲೆ ಮಗುವಿನ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದ ಡಾಕ್ಟರು, ತೂತಿನಲ್ಲಿ ರಕ್ತ ನುಗ್ಗುವ ಸದ್ದು ಮೊದಲಿಗಿಂತ ಜೋರಾಗಿದೆ ಎಂದರು. ತಂಗಿ ಅಳುವುದೊಂದು ಬಾಕಿ. ಅವರು ಮಾತ್ರ ನಗುತ್ತಿದ್ದರು. ಪೈಪಿನ ಬಾಯಿಯನ್ನು ಬೆರಳಿನಿಂದ ಒತ್ತಿದರೆ ನೀರು ಸುಯ್ಯೆನ್ನುವುದಿಲ್ಲವೇ, ಹಾಗೆಯೇ ಇದು; ತೂತು ಸಣ್ಣದಾಗುತ್ತಿದೆ ಎಂದರು. ಅಮ್ಮ ಮೊಮ್ಮಗನ ಎದೆಗೆ ಕಿವಿಯಿಟ್ಟು, "ಕೂಗ್ ಮಗಾ, ಇನ್ನೂ ಜೋರಾಯಿ ಕೂಗ್," ಎಂದಳು.

ಇದು ಕ್ಲಿನಿಕ್ಕಿನಲ್ಲೇ ನಡೆಯಿತೆಂದು ನನ್ನ ನೆನಪು. ಅಮ್ಮ ಅಂದು ಬಂದೇ ಇರಲಿಲ್ಲ, ಮನೆಯಲ್ಲಿ ಹೇಳಿದ್ದನ್ನು ನೀನು ಅಲ್ಲಿಗೆ ಸೇರಿಸಿದ್ದೀಯ ಎನ್ನುತ್ತಾಳೆ ತಂಗಿ. ಇರಬಹುದು. ಪುರಾವೆಯಿಲ್ಲದೆ ಏನನ್ನೂ ಒಪ್ಪದ ನನ್ನ ಬಳಿ ಇದಕ್ಕೆ ಪುರಾವೆಯಿಲ್ಲ.

ಕೊನೆಯ ಭೇಟಿಯ ಬಗ್ಗೆ ಮಾತ್ರ ಮೂವರಿಗೂ ತಕರಾರಿಲ್ಲ. ಆಗ ಅವನು ಕೋಣೆಯೆಲ್ಲ ಓಡಾಡುತ್ತಿದ್ದ. ಗೋಡೆ ಕೂಡಿಕೊಂಡಿದೆ ಎಂದ ಡಾಕ್ಟರು, ಅವನನ್ನು ಹಿಡಿದು ಕೂರಿಸಿ ಸ್ಟೆತಸ್ಕೋಪನ್ನು ತಂಗಿಯ ಕಿವಿಗಿಟ್ಟರು. ಲಬ್ ಡಬ್ ಬಿಟ್ಟರೆ ಒಳಗೆ ಬೇರೇನೂ ಇರಲಿಲ್ಲವಂತೆ. ಅವಳು ಕಣ್ಣು ಮುಚ್ಚಿ ಕೇಳುತ್ತಲೇ ಇದ್ದಳು.

"ಹೆಣ್ಣೇ, ಸಾಕ್," ಎಂದಳು ಅಮ್ಮ, ಕೈ ಚಾಚಿ. "ಇನ್ ನಂಗ್ ಕೊಡ್."