ಡಿಶ್ಶಿನ ತೋಳಿಗೆ ಕಟ್ಟಿದ ದೀಪದ ಸರ

ಟೆರೇಸಿನ ಮೇಲೆ ಡಿಶ್ಶನ್ನು ಎರಡೂ ಕೈಯಿಂದ ಹಿಡಿದು, ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ತಿರುಗಿಸುವ ಗೃಹಸ್ಥನಷ್ಟು ದೀನಪ್ರಾಣಿ ಈ ಭೂಮಂಡಲದಲ್ಲಿ ಇನ್ನೊಂದಿಲ್ಲ. ಅವನಿಗೆ ಮೇಲಿನ ಉಪಗ್ರಹವೂ ಕಾಣದು, ಕೆಳಗಿನ ಟೀವಿಯೂ ಕಾಣದು. ಕಾಣುವುದು ಎದುರು ಕಟ್ಟಡದವರ ನಗು ಮಾತ್ರ.

ಕಳೆದ ವಾರ ಘಣಸೋಲಿಯ ನಮ್ಮ ಸೊಸೈಟಿಯಲ್ಲಿ ಆ ಪ್ರಾಣಿ ನಾನೇ ಆಗಿದ್ದೆ, ಅದೂ ಕೆಂಡಾಮಂಡಲ ಕೋಪದಲ್ಲಿ. ನಾಲ್ಕು ದಿನದಿಂದ ಪರದೆ ಕಪ್ಪಾಗಿತ್ತು. ಮಗ, ಸೊಸೆ, ಮೊಮ್ಮಗಳಿಗೆ ಅದರ ಗೊಡವೆಯೇ ಇಲ್ಲ. ಅವರವರ ಮೊಬೈಲು ಅವರವರ ಬ್ರಹ್ಮಾಂಡ. ಆದರೆ ಉಡುಪಿಯಿಂದ ಬಂದು ನಮ್ಮೊಡನಿರುವ ಅಮ್ಮನಿಗೆ ಇಲ್ಲಿನ ಹಿಂದಿ, ಮರಾಠಿ ಒಂದೂ ಅರ್ಥವಾಗದು. ದಿನವಿಡೀ ಕಾದು ಅವಳು ಕೇಳುವುದು ಸಂಜೆಯ ಕನ್ನಡ ವಾರ್ತೆಯೊಂದನ್ನೇ. ಅದಕ್ಕಾಗಿ ಸೀರೆ ಬದಲಿಸಿ ಕೂರುತ್ತಾಳೆ. ವಾರ್ತೆ ಓದುವವಳ ನಮಸ್ಕಾರಕ್ಕೆ ಮರುನಮಸ್ಕಾರ ಮಾಡುತ್ತಾಳೆ. ನಾಲ್ಕು ಸಂಜೆ ಕಪ್ಪು ಪರದೆಯೆದುರು ಹಾಗೆಯೇ ಕೂತು ಎದ್ದುಹೋದಳು. ಅವಳು ಒಮ್ಮೆ ಗೊಣಗಿದ್ದರೂ ನನ್ನ ಪಿತ್ತ ಇಷ್ಟು ನೆತ್ತಿಗೇರುತ್ತಿರಲಿಲ್ಲ.

ನಾಳೆ ನಾಳೆ ಎನ್ನುವ ರಿಪೇರಿಯವನನ್ನು ಬೈದೆ. ಎದುರಿಗೆ ಏಳುತ್ತಿರುವ ಟವರನ್ನು ಬೈದೆ. ಕಾಗೆಗಳನ್ನೂ ಬಿಡಲಿಲ್ಲ. ಯಾರೋ ಬೇಕೆಂದೇ ತಿರುಗಿಸಿದ್ದಾರೆಂದು ಸೊಸೈಟಿಯ ಸೆಕ್ರೆಟರಿಯ ಬಾಗಿಲಲ್ಲಿ ನಿಂತು ಗುಡುಗಿದೆ. "ತುಮಚ್ಯಾ ಡಿಶ್‌ಲಾ ಕೋಣ್ ಹಾತ್ ಲಾವಣಾರ್, ಕಾಕಾ?" ಎಂದು ಆತ ನಕ್ಕ. ನನ್ನ ಡಿಶ್ಶನ್ನು ಮುಟ್ಟುವವರು ಯಾರಂತೆ! ಪತ್ತೆ ಹಚ್ಚಿಯೇ ತೀರುತ್ತೇನೆಂದು ನಟ್ಟು ಬಿಚ್ಚುವ ಪಾನಾ ಹಿಡಿದು ಟೆರೇಸು ಹತ್ತಿದೆ.

ಪತ್ತೆಯಾಯಿತು. ಸೊಸೈಟಿಯ ಸತ್ಯನಾರಾಯಣ ಪೂಜೆಗೆ ಹಾಕಿದ್ದ ಬಣ್ಣದ ದೀಪದ ಸರವನ್ನು ಡಿಶ್ಶಿನ ತೋಳಿಗೆ ಕಟ್ಟಿ, ನೀರಿನ ಟಾಂಕಿಯವರೆಗೆ ಬಿಗಿಯಾಗಿ ಎಳೆದಿದ್ದರು. ಎಳೆತಕ್ಕೆ ಡಿಶ್ಶು ಮುಖ ತಿರುಗಿಸಿತ್ತು. ಬಿಚ್ಚಲು ಹೋದ ಕೈ ಗಂಟಿನ ಮೇಲೆ ನಿಂತಿತು. ಅದು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುವ ಗಂಟು. ಈ ಕಟ್ಟಡದಲ್ಲಿ ಅದನ್ನು ಬಲ್ಲವರು ಇಬ್ಬರೇ: ಅಮ್ಮ, ಅವಳಿಂದ ಕಲಿತ ನಾನು. "ಕಾಕಾ ಆಪಲೇಚ್," ನಮ್ಮವರೇ, ಎಂದು ನಾಲ್ಕು ಜನ ಹೊಗಳಲೆಂದು ಎಲ್ಲರಿಗಿಂತ ಮೊದಲು ಏಣಿ ಹತ್ತಿ ದೀಪ ಕಟ್ಟಿದ ಮಹಾಶಯ ನಾನೇ. ಊರಿಗೆಲ್ಲ ಹಂಚಿದ್ದ ಸಿಟ್ಟು ಬಡ್ಡಿಸಹಿತ ನನ್ನ ಮೇಲೇ ತಿರುಗಿತು.

ಬಿಚ್ಚಿದೆ, ತಿರುಗಿಸಿದೆ. ಕಿಟಕಿಯಿಂದ ಮೊಮ್ಮಗಳು "ಆಯಾ, ಆಜೋಬಾ, ಆಯಾ!" ಬಂತು ಅಜ್ಜಾ, ಬಂತು, ಎಂದು ಕೂಗಿದಳು. ಇಳಿದು ಬಂದಾಗ ಅಮ್ಮ ಪರದೆಗೆ ಕೈಮುಗಿಯುತ್ತಿದ್ದಳು.

"ಯಾರಂತೆ ತಿರುಗಿಸಿದ್ದು?" ಎಂದಳು. ನಾನು ಬಾಯಿ ತೆರೆಯುವುದರೊಳಗೆ, "ಹೋಗ್ಲಿ, ಬೈಬೇಡ ಮಾರಾಯ. ಪಾಪ, ಗೊತ್ತಿಲ್ದೆ ಮಾಡಿರ್ತಾರೆ," ಎಂದಳು.

ಟೆರೇಸಿನವನಿಗಿಂತಲೂ ದೀನಪ್ರಾಣಿ ಒಂದುಂಟು, ಓದುಗರೇ. ಅದು ಟೀವಿಯ ಪಕ್ಕದಲ್ಲಿ, ಕೈಯಲ್ಲಿ ಪಾನಾ ಹಿಡಿದು ನಿಂತಿರುತ್ತದೆ.