ಯಮನಪ್ಪನ ಫೈಲು

ಕಳೆದ ಸೋಮವಾರ ನಾನು ಒಂದು ಪ್ಲಾಸ್ಟಿಕ್ ಫೈಲನ್ನು ಡಾಕ್ಟರಿಗೆ ತೋರಿಸಿಕೊಂಡು ಬಂದೆ. ಜೊತೆಗೆ ಯಮನಪ್ಪನೂ ಇದ್ದ.

ಯಮನಪ್ಪ ಮಾಕಳಿಯ ನಮ್ಮ ಮನೆಯ ಮೇಲಿನ ರೂಮಿನ ಬಾಡಿಗೆದಾರ. ಬಾಗಲಕೋಟೆ ಕಡೆಯವನು. ಪೀಣ್ಯದಲ್ಲಿ ತಗಡು ಕತ್ತರಿಸುವ ಪ್ರೆಸ್ ಮಷಿನ್ ಮುಂದೆ ನಿಲ್ಲುವುದು ಅವನ ಕೆಲಸ. ಒಂದು ತಿಂಗಳಿಂದ ತಲೆಸುತ್ತು. ಕುರ್ಚಿಯಲ್ಲಿ ಕೂತು ಅಂಕಣ ಬರೆಯುವವನಿಗೆ ತಲೆ ಸುತ್ತಿದರೆ ಹೆಚ್ಚೆಂದರೆ ಒಂದು ವಾಕ್ಯ ತಪ್ಪೀತು. ಪ್ರೆಸ್ ಮುಂದಿರುವವನಿಗೆ ಕೈಯೇ ಹೋದೀತು.

ಆದ್ದರಿಂದ ಜವಾಬ್ದಾರಿಯನ್ನು ನಾನೇ ವಹಿಸಿಕೊಂಡೆ. (ಯಾರೂ ಕೇಳಿರಲಿಲ್ಲ.) ಡಾಕ್ಟರ ಬಳಿ ಸಿದ್ಧರಾಗಿ ಹೋಗಬೇಕೆಂದು ಇದೇ ಅಂಕಣದಲ್ಲಿ ನಿಮಗೆ ಎಷ್ಟು ಸಲ ಬೋಧಿಸಿಲ್ಲ? ಹಳೆಯ ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿದೆ. ತೊಂದರೆಗಳದೊಂದು ಪಟ್ಟಿ, ಪ್ರಶ್ನೆಗಳದೊಂದು ಪಟ್ಟಿ, ಎರಡನ್ನೂ ಸೇರಿಸಿ ಇನ್ನೊಂದು ಪಟ್ಟಿ. ಯಮನಪ್ಪನೂ ತನ್ನ ಮಟ್ಟಿಗೆ ಸಿದ್ಧನಾದ. ಶೇವ್ ಮಾಡಿ, ಮದುವೆಗೆ ಹೊಲಿಸಿದ್ದ ಬಿಳಿ ಅಂಗಿ ಹಾಕಿಕೊಂಡು ಬಂದ.

ಡಾಕ್ಟರಮ್ಮ ಅವನನ್ನು ಕೇಳಿದ್ದಕ್ಕೆಲ್ಲ ನಾನು ಉತ್ತರಿಸಿದೆ. ಎಷ್ಟು ದಿನದಿಂದ? ಪುಟ ಎರಡು. ಯಾವ ಮಾತ್ರೆ ತಗೊಳ್ತೀರಿ? ಯಾವುದೂ ಇಲ್ಲ, ಪುಟ ಮೂರು. ಕೊನೆಗೆ ಆಕೆ ನನ್ನನ್ನು ದಾಟಿ ನೋಡಿ, "ಈಗ ಹೇಗಿದೀರಪ್ಪ?" ಎಂದರು.

"ಆರಾಮ ಅದೀನ್ರಿ" ಎಂದು ಯಮನಪ್ಪ ಕೈಮುಗಿದ.

ಬಿಪಿ ಸರಿಯಿತ್ತು. ಕಣ್ಣು ಮುಚ್ಚಿಸಿ ನಿಲ್ಲಿಸಿದರು, ಧ್ವಜಸ್ತಂಭದಂತೆ ನಿಂತ. ನೀರು ಚೆನ್ನಾಗಿ ಕುಡಿಯಿರಿ, ಕೆಲಸಕ್ಕೆ ಹೋಗಬಹುದು ಎಂದು ಕಳಿಸಿಕೊಟ್ಟರು.

ವಾಪಸು ಬರುವಾಗ ಆಟೋದವನು ಬಾದಾಮಿ ಕಡೆಯವನೆಂದು ಗೊತ್ತಾದದ್ದೇ ತಡ, ಯಮನಪ್ಪನಿಗೆ ಬಾಯಿ ಬಂತು. ತಲೆ ಎತ್ತಿದಾಗಲೇ ಸುತ್ತುವುದಂತೆ. ಎಡಗಿವಿಯಲ್ಲಿ ಗುಂಯ್ ಅನ್ನುವುದಂತೆ. ಮೊನ್ನೆ ಪ್ರೆಸ್ ಇಳಿಯುವಾಗ ಕೈ ಒಳಗೇ ಇತ್ತಂತೆ, ಪಕ್ಕದವನು ಎಳೆದನಂತೆ. (ಇದ್ಯಾವುದೂ ನನ್ನ ಮೂರು ಪಟ್ಟಿಗಳಲ್ಲಿ ಇರಲಿಲ್ಲ.) ಇಷ್ಟು ಸಾಲದೆಂಬಂತೆ, ಬೆಳಿಗ್ಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಲೆಸುತ್ತಿನ ಗುಳಿಗೆ ಎರಡು ನುಂಗಿ ಬಂದಿದ್ದನಂತೆ.

ಅದ್ಯಾಕಯ್ಯ ಎಂದೆ.

"ಡಾಕ್ಟರ್ ಮುಂದ ತಲಿ ತಿರುಗಿ ಬಿದ್ರ ಮರ್ಯಾದಿ ಉಳೀತೈತೇನ್ರಿ ಸರ?"

"ಉಳಿದದ್ದನ್ನಾದರೂ ಒಳಗೆ ಹೇಳೋದಲ್ವಾ?"

"ನೀವ ಮಾತಾಡಾಕತ್ತಿದ್ರಲ್ರಿ. ದೊಡ್ಡವರ ನಡುವ ಬಾಯಿ ಹಾಕಬಾರದಂತ ಸುಮ್ನಿದ್ದೆ."

ರೋಗಿ ಮರ್ಯಾದಸ್ಥನಾದರೆ ಸಿದ್ಧಗೊಳಿಸುವುದು ಯಾರನ್ನು? ಆಟೋ ತಿರುಗಿಸಿದೆವು.

ಈ ಸಲ ಅವನೊಂದಿಗೆ ಒಳಗೆ ಹೋದದ್ದು ಆಟೋದವನು. ಅರ್ಧ ಗಂಟೆಯ ನಂತರ ಯಮನಪ್ಪ ಹೊರಬಂದಾಗ ಕೈಯಲ್ಲೊಂದು ಚೀಟಿಯಿತ್ತು: ಕಿವಿಯ ತಪಾಸಣೆ ಮುಗಿಯುವವರೆಗೆ ಇವರನ್ನು ಪ್ರೆಸ್ ಮುಂದೆ ನಿಲ್ಲಿಸಬಾರದು.

ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ನನ್ನ ಬಳಿ ನರ್ಸ್ ಬಂದು ಕೇಳಿದರು: "ಸಾರ್, ನೀವು ಪೇಷಂಟಾ, ಜೊತೇಲಿ ಬಂದೋರಾ?"

ಫೈಲಿನ ಯಾವ ಪುಟದಲ್ಲೂ ಅದಕ್ಕೆ ಉತ್ತರವಿರಲಿಲ್ಲ.